ಮೂಗು ದೊಡ್ಡದು ಮಾಡಿದರೆ ಕ್ಯಾರಿಕೇಚರ್ ಆಗಲ್ಲ ಸ್ವಾಮಿ

"ಸಾರ್, ತಲೆ ದೊಡ್ಡದು, ಮೈ ಚಿಕ್ಕದು ಮಾಡಿ ಬರೆದುಕೊಡಿ. ಮೂಗು ಮಾತ್ರ ಹಾಗೇ ಇರಲಿ." ಮದುವೆ ಸೀಸನ್ ಬಂತೆಂದರೆ ಕ್ಯಾರಿಕೇಚರ್, ಅಂದರೆ ವ್ಯಂಗ್ಯ ಭಾವಚಿತ್ರ, ಬರೆಯುವ ನನಗೆ ಬರುವ ಆರ್ಡರ್‌ಗಳೆಲ್ಲ ಹೆಚ್ಚುಕಮ್ಮಿ ಹೀಗೇ. ಕಲಿಯಲು ಬರುವ ಹುಡುಗರದ್ದು ಇದರ ಉಲ್ಟಾ. ಎದುರಿಗೆ ಯಾರನ್ನು ಕೂರಿಸಿದರೂ ಮೊದಲು ಮೂಗು ಹಿಡಿದು ಎಳೆಯುತ್ತಾರೆ, ಆಮೇಲೆ ಹಲ್ಲು, ಆಮೇಲೆ ಕಿವಿ. ಬರೆದದ್ದು ಕೂತವರ ಥರಾನೂ ಇರಲ್ಲ, ಇನ್ಯಾರ ಥರಾನೂ ಇರಲ್ಲ. ಇಬ್ಬರೂ ನಂಬಿರುವುದು ಒಂದನ್ನೇ. ಮುಖದಲ್ಲಿ ಎದ್ದು ಕಾಣುವ ಒಂದನ್ನು ಹಿಡಿದು ದೊಡ್ಡದು ಮಾಡಿಬಿಟ್ಟರೆ ಕ್ಯಾರಿಕೇಚರ್ ಆಯಿತು ಅಂತ.

ಎಷ್ಟು ಸಲ ಹೇಳಿದ್ದೇನೋ, ಇನ್ನೊಂದು ಸಲ ಹೇಳುತ್ತೇನೆ. ಇಷ್ಟು ವರ್ಷ ನೋಡಿದ ಮುಖಗಳನ್ನೆಲ್ಲ ಸೇರಿಸಿ ನಮ್ಮ ತಲೆಯಲ್ಲಿ ಒಂದು ಮಾಮೂಲಿ ಮುಖ ಕೂತಿರುತ್ತದೆ. ನಿಮ್ಮ ಮುಖ ಅದರಿಂದ ಎಲ್ಲೆಲ್ಲಿ ಸರಿದಿದೆಯೋ ಅಲ್ಲಿ ಇನ್ನಷ್ಟು ಸರಿಸುವುದೇ ನಮ್ಮ ಕೆಲಸ. ನಿಮ್ಮ ಮೂಗು ಮಾಮೂಲಿಯಾಗಿದ್ದರೆ ಅದನ್ನು ನುಗ್ಗೇಕಾಯಿಯಷ್ಟು ಎಳೆದರೂ ನೀವು ಕಾಣಲ್ಲ. ನಿಮ್ಮ ಗುರುತು ಮೂಗಿಗೂ ಮೇಲ್ತುಟಿಗೂ ನಡುವಿನ ಜಾಗದಲ್ಲಿ ಇರಬಹುದು. ಆ ಜಾಗವನ್ನು ಕನ್ನಡಿ ಮುಂದೆ ನಿಂತಾಗ ಯಾರೂ ನೋಡಿಕೊಳ್ಳುವುದಿಲ್ಲ. ನಾನು ನೋಡುತ್ತೇನೆ. ಅದನ್ನು ಉದ್ದ ಮಾಡಿದರೆ ಮೂಗು ಮೇಲೆ ಹೋಗಬೇಕು, ಗಲ್ಲ ಕುಗ್ಗಬೇಕು. 30–40 ಸೈಟಿನಲ್ಲಿ ಹಾಲ್ ದೊಡ್ಡದು ಮಾಡಿದರೆ ಅಡುಗೆಮನೆ ಕಿರಿದಾಗಲೇಬೇಕಲ್ವಾ, ಹಾಗೆ. ಎಷ್ಟೋ ಮುಖಗಳಲ್ಲಿ ನಾನು ಏನನ್ನೂ ದೊಡ್ಡದು ಮಾಡುವುದೇ ಇಲ್ಲ. ಚಿಕ್ಕ ಕಣ್ಣನ್ನು ಇನ್ನೂ ಚಿಕ್ಕದು ಮಾಡಿ ಸುಮ್ಮನಾಗುತ್ತೇನೆ.

ಇದು ನನ್ನೊಬ್ಬನ ತರ್ಕ ಅಲ್ಲ. 1980ರ ದಶಕದಲ್ಲಿ ಅಮೆರಿಕದ ಸುಸಾನ್ ಬ್ರೆನನ್ ಕ್ಯಾರಿಕೇಚರ್ ಬರೆಯುವ ಒಂದು ಕಂಪ್ಯೂಟರ್ ಪ್ರೋಗ್ರಾಂ ಮಾಡಿದರು. ಅದು ಮಾಡುತ್ತಿದ್ದದ್ದೂ ಇದನ್ನೇ. ಒಬ್ಬರ ಮುಖವನ್ನು ಸರಾಸರಿ ಮುಖದ ಜೊತೆ ಹೋಲಿಸಿ, ಎರಡರ ನಡುವಿನ ವ್ಯತ್ಯಾಸವನ್ನು ಹಿಗ್ಗಿಸುವುದು. ಮೂಗು ಯಾವುದು, ಕಿವಿ ಯಾವುದು ಅಂತ ಅದು ಬೇರೆ ಲೆಕ್ಕ ಇಡುತ್ತಿರಲಿಲ್ಲ.

ಇಷ್ಟು ಹೇಳಿದರೂ ಒಪ್ಪದವರನ್ನು 1831ರ ಪ್ಯಾರಿಸ್ ಕೋರ್ಟಿಗೆ ಕರೆದುಕೊಂಡು ಹೋಗುತ್ತೇನೆ. ಹಿಂದಿನ ವರ್ಷವಷ್ಟೇ ಕ್ರಾಂತಿಯಾಗಿ ಲೂಯಿ ಫಿಲಿಪ್ ರಾಜನಾಗಿದ್ದ. ಆಗ ಕೊಟ್ಟ ಮಾತುಗಳು ನಿಧಾನಕ್ಕೆ ಮರೆತುಹೋಗಿದ್ದವು. ರಾಜನೇ ಗಾರೆ ಕೆಲಸದವನಾಗಿ, ಗೋಡೆ ಮೇಲಿದ್ದ ಕ್ರಾಂತಿಯ ಗುರುತುಗಳನ್ನು ಗಾರೆ ಬಳಿದು ಮುಚ್ಚುತ್ತಿರುವ ಚಿತ್ರವೊಂದು 'ಲಾ ಕರಿಕಾತ್ಯೂರ್' ಎಂಬ ವಾರಪತ್ರಿಕೆಯಲ್ಲಿ ಬಂತು. ಪತ್ರಿಕೆ ಷಾರ್ಲ್ ಫಿಲಿಪೋನ್‌ನದ್ದು. ರಾಜನಿಗೆ ಅವಮಾನ ಅಂತ ಕೇಸಾಯಿತು. ನವೆಂಬರ್‌ನಲ್ಲಿ ವಿಚಾರಣೆ. ಫಿಲಿಪೋನ್ ಕೋರ್ಟಿನಲ್ಲೇ ನಾಲ್ಕು ಚಿತ್ರ ಮುಂದಿಟ್ಟ. ಮೊದಲನೆಯದು ರಾಜನ ಮುಖ. ಎರಡನೆಯದು ಮೊದಲನೆಯದರ ಹಾಗಿದೆ, ಮೂರನೆಯದು ಎರಡನೆಯದರ ಹಾಗಿದೆ, ನಾಲ್ಕನೆಯದು ಪೇರ್ ಹಣ್ಣು. (ನಮ್ಮ ಪೇರಲೆ ಅಲ್ಲ, ಮೇಲೆ ಸಣ್ಣ, ಕೆಳಗೆ ದಪ್ಪ ಇರುವ ಮರಸೇಬು.) ಹೋಲಿಕೆಯೇ ಅಪರಾಧ ಅನ್ನುವುದಾದರೆ ಹಣ್ಣಿಗೂ ಶಿಕ್ಷೆ ಕೊಡಬೇಕಾಗುತ್ತದೆ ಅನ್ನುವುದು ಅವನ ವಾದ. ನ್ಯಾಯಾಧೀಶರಿಗೆ ಹಿಡಿಸಲಿಲ್ಲ. 6 ತಿಂಗಳು ಜೈಲು, 2,000 ಫ್ರಾಂಕ್ ದಂಡ. ಆದರೆ ಪ್ಯಾರಿಸ್ಸಿನ ಗೋಡೆಗಳ ತುಂಬ ಪೇರ್ ಹಣ್ಣು ಬಂತು. ಅದನ್ನು ಬರೆಯಲು ಕಲಾವಿದನೇ ಆಗಬೇಕಿರಲಿಲ್ಲ, ಇದ್ದಿಲು ಸಿಕ್ಕ ಹುಡುಗನೂ ಬರೆಯುತ್ತಿದ್ದ.

ಮೊದಲ ಚಿತ್ರದಿಂದ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಉಳಿದದ್ದು ಏನು ನೋಡಿ. ಕಿರಿದಾದ ಹಣೆ, ಅಗಲವಾಗಿ ಜೋತುಬಿದ್ದ ಕೆನ್ನೆ, ಮೇಲೊಂದು ಕೂದಲ ಕುಚ್ಚು. ರಾಜನ ಮೂಗಿಗೆ ಏನಾಯಿತು ಅಂತ ಯಾರೂ ಕೇಳಲಿಲ್ಲ.

ನ್ಯೂಯಾರ್ಕಿನ ಕಾರ್ಟೂನಿಸ್ಟ್ ಥಾಮಸ್ ನಾಸ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ನಗರದ ಹಣ ನುಂಗಿದ ಪುಢಾರಿ ವಿಲಿಯಂ ಟ್ವೀಡ್‌ನನ್ನು 1871ರಲ್ಲಿ ಬರೆದಾಗ ಅವನಿಗೆ ತಲೆಯನ್ನೇ ಕೊಡಲಿಲ್ಲ. ಕತ್ತಿನ ಮೇಲೆ ಒಂದು ದುಡ್ಡಿನ ಚೀಲ, ಅದರ ಮೇಲೆ ಕಣ್ಣು ಮೂಗಿನ ಜಾಗದಲ್ಲಿ ಡಾಲರ್ ಗುರುತು. ಆ ಹೊಟ್ಟೆ, ಆ ನಿಲುವು ನೋಡಿದವರಿಗೆ ಹೆಸರು ಹೇಳಬೇಕಿರಲಿಲ್ಲ. ಮುಂದೆ ಟ್ವೀಡ್ ಕಸ್ಟಡಿಯಿಂದ ತಪ್ಪಿಸಿಕೊಂಡು ಸ್ಪೇನಿಗೆ ಓಡಿದ. 1876ರಲ್ಲಿ ಅಲ್ಲಿಯವರು ಅವನನ್ನು ಗುರುತು ಹಿಡಿದದ್ದು ನಾಸ್ಟ್ ಬರೆದ ಇನ್ನೊಂದು ಕಾರ್ಟೂನ್ ನೋಡಿ.

ಗುರುತು ಹಿಡಿಯಬೇಕಾದರೆ ಮನುಷ್ಯನನ್ನು ಸುಮಾರು ಹೊತ್ತು ನೋಡಿರಬೇಕು. ಇಟಲಿಯ ಶಿಲ್ಪಿ ಬರ್ನಿನಿ 1632ರ ಸುಮಾರಿಗೆ ಕಾರ್ಡಿನಲ್ (ಕ್ಯಾಥೊಲಿಕ್ ಚರ್ಚಿನ ದೊಡ್ಡ ಪಾದ್ರಿ) ಶಿಪಿಯೋನೆ ಬೋರ್ಗೇಸೆಯ ಅಮೃತಶಿಲೆಯ ಅರ್ಧಪ್ರತಿಮೆ ಕೆತ್ತಿದ. ಅದೇ ಕಾರ್ಡಿನಲ್‌ನನ್ನು ಪೆನ್ನಿನ ನಾಲ್ಕಾರು ಗೆರೆಗಳಲ್ಲೂ ಬರೆದ. ಕಲ್ಲಿನಲ್ಲಿ ಅಷ್ಟು ಒದ್ದಾಡಿದ್ದಕ್ಕೇ ಕಾಗದದಲ್ಲಿ ಅಷ್ಟು ಕಡಿಮೆ ಗೆರೆ ಸಾಕಾಯಿತು ಅಂತ ನನ್ನ ನಂಬಿಕೆ. ಫಿಲಿಪೋನ್‌ನ ಪತ್ರಿಕೆಗೆ ಚಿತ್ರ ಬರೆಯುತ್ತಿದ್ದ ಡೊಮಿಯೆ ಸಂಸದರ ತಲೆಗಳನ್ನು ಮೊದಲು ಜೇಡಿಮಣ್ಣಿನಲ್ಲಿ ಮಾಡಿ, ಬಣ್ಣ ಹಚ್ಚಿ, ಅವನ್ನು ಇಟ್ಟುಕೊಂಡು ಬರೆಯುತ್ತಿದ್ದ. ಅಂಥ 36 ತಲೆಗಳು ಇವತ್ತೂ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿವೆ. ರಾಜ ಬಡವರ ದುಡ್ಡು ತಿನ್ನುವ ಚಿತ್ರ ಬರೆದು ಡೊಮಿಯೆಯೂ 1832ರಲ್ಲಿ ಜೈಲಿಗೆ ಹೋದ. 1835ರಲ್ಲಿ ಬಂದ ಕಾನೂನಿನ ಪ್ರಕಾರ ಚಿತ್ರ ಅಚ್ಚು ಹಾಕುವ ಮೊದಲು ಸರ್ಕಾರದ ಅನುಮತಿ ಬೇಕಾಯಿತು. ಬರಹಕ್ಕೆ ಬೇಕಿರಲಿಲ್ಲ! ಯಾವುದಕ್ಕೆ ಜಾಸ್ತಿ ಹೆದರಿದ್ದರು ಅಂತ ಗೊತ್ತಾಗುತ್ತದಲ್ವಾ.

ನನ್ನ ಮಾತಿಗೆ ಎದುರು ಹೋಗುವ ಉದಾಹರಣೆಯೂ ಇದೆ, ಮುಚ್ಚಿಡಬಾರದು. ನೆಪೋಲಿಯನ್ ಸುಮಾರು 168 ಸೆಂಟಿಮೀಟರ್ ಇದ್ದ, ಆ ಕಾಲಕ್ಕೆ ಕುಳ್ಳನೇನಲ್ಲ. ಲಂಡನ್ನಿನ ಜೇಮ್ಸ್ ಗಿಲ್ರೇ ಅವನನ್ನು ದೊಡ್ಡ ಟೋಪಿ, ದೊಡ್ಡ ಬೂಟಿನೊಳಗೆ ಮುಳುಗಿದ ಪುಟಾಣಿಯಾಗಿ ಬರೆದ. ಇಲ್ಲದ ವ್ಯತ್ಯಾಸ ಇಡೀ ಜಗತ್ತಿನ ತಲೆಯಲ್ಲಿ ಕೂತುಬಿಟ್ಟಿತು. ಹಾಗಾಗಿ ನಮ್ಮ ಕೆಲಸ ಯಾವಾಗಲೂ ನಿಜ ಹೇಳುತ್ತದೆ ಅಂತ ನಾನು ಬರೆದುಕೊಡುವುದಿಲ್ಲ. ಬೀಳ್ಕೊಡುಗೆಗೆ ಅಂತ ಬಾಸ್ ಚಿತ್ರ ಬರೆಸುವವರಿಗೂ ಇದನ್ನೇ ಹೇಳುತ್ತೇನೆ, ಅವರನ್ನು ಒಂದು ಮಾತು ಕೇಳಿ ಬನ್ನಿ. ಕಾಯಿಲೆಯ ಗುರುತು, ಸುಟ್ಟ ಗಾಯ ಇವನ್ನು ಯಾರು ಹೇಳಿದರೂ ನಾನು ಹಿಗ್ಗಿಸಲ್ಲ.

ಮೊನ್ನೆ ಒಂದು ರಿಸೆಪ್ಷನ್‌ನಲ್ಲಿ ಮದುಮಗನನ್ನು ಬರೆದೆ. ಕೆಳತುಟಿ ಒಳಗೆ ಎಳೆದುಕೊಂಡು, ಒಂದು ಭುಜ ಮೇಲೆತ್ತಿ ನಿಲ್ಲುವ ಹುಡುಗ. ಮೂಗು ಇದ್ದ ಹಾಗೇ ಬಿಟ್ಟೆ. ಅವನ ಸ್ನೇಹಿತರಿಗೆ ಸಪ್ಪೆ ಅನ್ನಿಸಿತು, "ಇನ್ನೂ ಫನ್ನಿಯಾಗಿ ಮಾಡಿ ಸಾರ್" ಅಂದರು. ಅಷ್ಟರಲ್ಲಿ ಅವನ ಅಜ್ಜಿ ಕನ್ನಡಕ ಏರಿಸಿ ನೋಡಿ, "ಅಯ್ಯೋ, ಇವನ ತಾತನೂ ಹೀಗೇ ನಿಲ್ತಿದ್ರು ಕಣಪ್ಪಾ" ಅಂದರು. ಆ ತಾತನನ್ನು ನಾನು ನೋಡೇ ಇಲ್ಲ. ಇಂಥ ಅಜ್ಜಿಯರು ಸಿಗುವುದರಿಂದಲೇ ಈ ಮದುವೆ ಆರ್ಡರ್‌ಗಳನ್ನು ಬಿಡಲು ಮನಸ್ಸು ಬರಲ್ಲ.

ಆದ್ದರಿಂದ ಆರ್ಡರ್ ಕೊಡುವವರು ದಯವಿಟ್ಟು ಬ್ಯೂಟಿ ಫಿಲ್ಟರ್ ಹಾಕಿದ ಫೋಟೋ ಕಳಿಸಬೇಡಿ. ಫಿಲ್ಟರ್ ನಿಮ್ಮನ್ನು ಆ ಮಾಮೂಲಿ ಮುಖದ ಹತ್ತಿರ ಎಳೆದುಕೊಂಡು ಹೋಗುತ್ತದೆ, ನನಗೆ ಬೇಕಾದ್ದನ್ನೇ ಅಳಿಸಿಹಾಕುತ್ತದೆ. ಎಲ್ಲರದ್ದೂ ಒಂದೇ ಗಲ್ಲ, ಒಂದೇ ಕಣ್ಣು! ಪಾಸ್‌ಪೋರ್ಟ್ ಫೋಟೋನೂ ಬೇಡ. ಎದುರಿನಿಂದ ಒಂದು, ಪಕ್ಕದಿಂದ ಒಂದು, ಜೋರಾಗಿ ನಗುವಾಗಿನದು ಒಂದು ಕಳಿಸಿ. ನಡೆದುಕೊಂಡು ಬರುವ ವೀಡಿಯೋ ಇದ್ದರೆ ಇನ್ನೂ ಒಳ್ಳೆಯದು. ನಿಮಗೆ ಗೊತ್ತಿಲ್ಲದೆ ಯಾರಾದರೂ ತೆಗೆದ, ನೀವು ಡಿಲೀಟ್ ಮಾಡಬೇಕು ಅಂದುಕೊಂಡ ಫೋಟೋ ಇದ್ದರೆ ಅದನ್ನೇ ಮೊದಲು ಕಳಿಸಿ.