ಮೆಟಬಾಲಿಕ್ ಅಡಾಪ್ಟೇಶನ್ ಅಂದ್ರೆ ದೇಹದ ಕಟ್ಟುಪದ್ಧತಿ

ಎರಡು ವರ್ಷದ ಹಿಂದೆ ನಾನು 9 ಕೆಜಿ ಇಳಿಸಿದ್ದೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್, ರಾತ್ರಿ ಅನ್ನ ಬಂದ್. ಮಂಡ್ಯದ ಸೋದರತ್ತೆ ನೋಡಿದವರೇ ಕೇಳಿದ್ದು, "ಏನ್ಲಾ, ಶುಗರ್ ಬಂದೈತಾ?" ಒಂದೂವರೆ ವರ್ಷದಲ್ಲಿ ಆ 9 ಕೆಜಿ ವಾಪಸ್ ಬಂತು, ಜೊತೆಗೆ ಇನ್ನೆರಡು. ವಾಕಿಂಗ್ ಬಿಟ್ಟಿರಲಿಲ್ಲ. ಅತ್ತೆಗೆ ಮಾತ್ರ ಸಮಾಧಾನ: "ಈಗ ಮೈ ಕೈ ತುಂಬ್ಕೊಂಡಿದ್ದೀಯ, ಪರವಾಗಿಲ್ಲ."

ಹೀಗೆ ಇಳಿದ ತೂಕ ಮತ್ತೆ ಏರೋದರ ಹಿಂದೆ ಇರುವ ಕಾರಣಗಳಲ್ಲಿ ಒಂದಕ್ಕೆ ಮೆಟಬಾಲಿಕ್ ಅಡಾಪ್ಟೇಶನ್ ಅಂತ ಹೆಸರು. 'ಚಯಾಪಚಯ ಹೊಂದಾಣಿಕೆ' ಅಂತ ಕನ್ನಡ ಮಾಡಬಹುದು, ಆದರೆ ಅದನ್ನು ಕೇಳಿದ ಮೇಲೆ ಮೊದಲು ಗೊತ್ತಿದ್ದದ್ದೂ ಮರೆತುಹೋಗುತ್ತೆ. ನಮ್ಮ ಕಡೆಯವರಿಗೆ ಇದಕ್ಕಿಂತ ಒಳ್ಳೆಯ ಪದ ಬಾಯಲ್ಲೇ ಇದೆ. ಕಟ್ಟುಪದ್ಧತಿ.

ಕೆಆರ್‌ಎಸ್ ತುಂಬಿದರೆ 124.80 ಅಡಿ. ಮಳೆ ಕೈಕೊಟ್ಟು ಮಟ್ಟ ಇಳಿದಾಗ ನಾಲೆಗೆ ಮೊದಲಿನಂತೆ ನೀರು ಬಿಡಲ್ಲ. ಇಷ್ಟು ದಿನ ಬಿಡೋದು, ಇಷ್ಟು ದಿನ ನಿಲ್ಲಿಸೋದು, ಇದೇ ಕಟ್ಟುಪದ್ಧತಿ. ಇರುವ ನೀರಲ್ಲೇ ಬೆಳೆ ಉಳಿಸಬೇಕು, ಅಷ್ಟೇ ಲೆಕ್ಕ. ಕೊಬ್ಬು ಕರಗಿದಾಗ ದೇಹ ಮಾಡೋದೂ ಇದನ್ನೇ. ನೀವು ಬೇಕಂತ ಡಯಟ್ ಮಾಡ್ತಿದ್ದೀರೋ, ಊರಿಗೆ ಬರ ಬಂದಿದೆಯೋ, ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. 80 ಕೆಜಿ ದೇಹಕ್ಕಿಂತ 71 ಕೆಜಿ ದೇಹಕ್ಕೆ ಕಡಿಮೆ ಕ್ಯಾಲೊರಿ ಸಾಕು, ಗಾಡಿ ಹಗುರಾದರೆ ಪೆಟ್ರೋಲ್ ಕಡಿಮೆ ಕುಡಿಯುತ್ತಲ್ಲ, ಹಾಗೆ. ಅದು ಅಡಾಪ್ಟೇಶನ್ ಅಲ್ಲ. 71 ಕೆಜಿಗೆ ಇಷ್ಟು ಖರ್ಚಾಗಬೇಕು ಅನ್ನೋ ಲೆಕ್ಕಕ್ಕಿಂತಲೂ ಕೆಳಗೆ ದೇಹ ಕೈ ಬಿಗಿಹಿಡಿಯುತ್ತಲ್ಲ, ಆ ಹೆಚ್ಚುವರಿ ಉಳಿತಾಯ ಇದೆಯಲ್ಲ, ಅದಕ್ಕೆ ಈ ಹೆಸರು. ಥೈರಾಯ್ಡ್ ಹಾರ್ಮೋನ್ ಒಂಚೂರು ಇಳಿಯುತ್ತೆ, ಅದೇ ಕೆಲಸವನ್ನು ಸ್ನಾಯುಗಳು ಕಡಿಮೆ ಇಂಧನದಲ್ಲಿ ಮುಗಿಸುತ್ತವೆ, ನಮಗೇ ಗೊತ್ತಿಲ್ಲದೆ ಓಡಾಟ ಕಮ್ಮಿಯಾಗುತ್ತೆ. ನಾನು ಕೆರೆ ಏರಿ ಮೇಲೆ ಒಂದು ಸುತ್ತು ಮುಗಿಸಿ ಕಲ್ಲುಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂರೋಕೆ ಶುರು ಮಾಡಿದ್ದು ಯಾವಾಗ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಗೇಟಿನ ಹತ್ತಿರ ನಿಂತಿರೋದು ಮುಖ್ಯವಾಗಿ ಲೆಪ್ಟಿನ್. 1994ರಲ್ಲಿ ಪತ್ತೆಯಾದ ಹಾರ್ಮೋನ್. ಕೊಬ್ಬಿನ ಕೋಶಗಳೇ ಇದನ್ನು ತಯಾರಿಸಿ, ದಾಸ್ತಾನು ಎಷ್ಟಿದೆ ಅಂತ ಮೆದುಳಿಗೆ ವರದಿ ಕಳಿಸುತ್ತವೆ. ಕೊಬ್ಬು ಕರಗಿದರೆ ಲೆಪ್ಟಿನ್ ಇಳಿಯುತ್ತೆ, ಮೆದುಳು ಗೇಟು ಇಳಿಸುತ್ತೆ.

ಇದು ಎಷ್ಟು ದೊಡ್ಡದಿರಬಹುದು? ಅಮೆರಿಕದ ಒಂದು ತೂಕ ಇಳಿಸುವ ಟೀವಿ ಸ್ಪರ್ಧೆಯ 14 ಜನರನ್ನು 6 ವರ್ಷದ ನಂತರ ಮತ್ತೆ ಪರೀಕ್ಷೆ ಮಾಡಿದರು, ವರದಿ ಬಂದದ್ದು 2016ರಲ್ಲಿ. ಸರಾಸರಿ 58 ಕೆಜಿ ಇಳಿಸಿದ್ದವರು 41 ಕೆಜಿ ವಾಪಸ್ ಪಡೆದಿದ್ದರು. ಆದರೂ ಸುಮ್ನೆ ಮಲಗಿದ್ದಾಗ ಅವರ ದೇಹ ಖರ್ಚು ಮಾಡುತ್ತಿದ್ದದ್ದು, ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ. ಹೆಚ್ಚುಕಮ್ಮಿ ಒಂದು ಮಸಾಲೆ ದೋಸೆ, ಮೇಲೊಂದು ಸಣ್ಣ ತುಂಡು ಮೈಸೂರು ಪಾಕ್. ಇವರದ್ದು ಅತಿರೇಕದ ಉದಾಹರಣೆ ಅನ್ನೋದು ನೆನಪಿರಲಿ. ನಮ್ಮ ನಿಮ್ಮಂಥವರಲ್ಲಿ ಇದು ಸಾಮಾನ್ಯವಾಗಿ ಇಷ್ಟು ದೊಡ್ಡದಿರಲ್ಲ, ತೂಕ ಒಂದು ಕಡೆ ನಿಂತ ಮೇಲೆ ಇನ್ನೂ ತಗ್ಗುತ್ತೆ.

ಹಾಗಾದರೆ ನನ್ನ 11 ಕೆಜಿ ಎಲ್ಲಿಂದ ಬಂತು? ಇಲ್ಲಿ ನನ್ನ ಅಣೆಕಟ್ಟಿನ ಹೋಲಿಕೆ ಕೈಕೊಡುತ್ತೆ. ಕೆಆರ್‌ಎಸ್ ಕೊಡಗಿನ ಮಳೆಗೆ ಸುಮ್ಮನೆ ಕಾಯುತ್ತೆ. ದೇಹ ಕಾಯಲ್ಲ, ಮಳೆ ತರಿಸೋಕೆ ಅದೇ ಹೊರಡುತ್ತೆ. ಅಂದರೆ ಹಸಿವು. 2016ರ ಇನ್ನೊಂದು ಲೆಕ್ಕಾಚಾರದ ಪ್ರಕಾರ ಇಳಿದ ಒಂದೊಂದು ಕೆಜಿಗೂ ದೇಹದ ಖರ್ಚು ದಿನಕ್ಕೆ 20-30 ಕ್ಯಾಲೊರಿಯಷ್ಟು ಇಳಿದರೆ, ಹಸಿವು ಸುಮಾರು 100 ಕ್ಯಾಲೊರಿಯಷ್ಟು ಏರುತ್ತೆ. ನನ್ನ 9 ಕೆಜಿಗೆ ಗುಣಿಸಿ ನೋಡಿ. ಮೆಲ್ಬರ್ನ್‌ನ ಅಧ್ಯಯನವೊಂದರಲ್ಲಿ (2011) 10 ವಾರ ಕಠಿಣ ಪಥ್ಯ ಮಾಡಿದವರ ಹಸಿವಿನ ಹಾರ್ಮೋನುಗಳು ಒಂದು ವರ್ಷ ಕಳೆದರೂ ಹಳೆಯ ಮಟ್ಟಕ್ಕೆ ಬಂದಿರಲಿಲ್ಲ. ಹಾಗಾಗಿ ತೂಕ ವಾಪಸ್ ಬಂದವರಿಗೆ "ಬಾಯಿ ಕಟ್ಟೋಕಾಗಲ್ವಾ?" ಅಂತ ಕೇಳೋರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ಒಂದು ತಿಂಗಳು ಕಟ್ಟಬಹುದು, ಅಷ್ಟು ಹಸಿವಿಟ್ಟುಕೊಂಡು ವರ್ಷಗಟ್ಟಲೆ ಕಟ್ಟೋದು ಬೇರೆ ಮಾತು.

ಏನೂ ಮಾಡೋಕಾಗಲ್ಲ ಅಂತಲ್ಲ. ಉಪವಾಸದಂಥ ಪಥ್ಯದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತೆ, ಅದನ್ನು ಉಳಿಸಿಕೊಳ್ಳೋಕೆ ಮೊಟ್ಟೆ, ಕಾಳು, ಸ್ವಲ್ಪ ಭಾರ ಎತ್ತುವ ವ್ಯಾಯಾಮ ಬೇಕು. ನಾನು ಮಾಡಿದ್ದು ಬರೀ ನಡೆದದ್ದು.

ಮೊನ್ನೆ ಊರಿಗೆ ಹೋದಾಗ ಇದನ್ನೆಲ್ಲ ಅತ್ತೆಗೆ ಹೇಳಿದೆ. ನಾಲೆಯ ಕೊನೇ ಭಾಗದಲ್ಲಿ ಅವರದ್ದು ಒಂದೂವರೆ ಎಕರೆ ಗದ್ದೆ ಇದೆ, ಕಟ್ಟುಪದ್ಧತಿ ಅಂದ ತಕ್ಷಣ ಅರ್ಥವಾಯಿತು. "ಅಂಗಾದ್ರೆ ಗೇಟು ಮುಚ್ಚೈತೆ, ಒಳಹರಿವು ಜಾಸ್ತಿ ಐತೆ ಅನ್ನು" ಅಂದರು. ಹೌದು ಅಂದೆ. ಬಸ್ಸಾರಿನ ಪಾತ್ರೆ ಹತ್ತಿರ ಎಳೆದುಕೊಂಡು ಕೇಳಿದರು, "ಇನ್ನೊಂದು ಮುದ್ದೆ ಇಕ್ಲಾ?"