ಜೊಳ್ಳು ಮತ್ತು ಗಟ್ಟಿ ಕಾಳು: ಜೀನ್ ಚಿಕಿತ್ಸೆಗೆ ವೈರಸ್ ಬೆಳೆಯುವ ಕೋಶಗಳ ಟಿಪ್ಪಣಿ

ಜೀನ್ ಚಿಕಿತ್ಸೆಯಲ್ಲಿ ಬೇಕಾದ ಜೀನನ್ನು ರೋಗಿಯ ದೇಹದೊಳಗೆ ಹೊತ್ತೊಯ್ಯುವುದು ವೈರಸ್, ಆ ವೈರಸ್ಸನ್ನು ಬೆಳೆಯುವುದು ತೊಟ್ಟಿಯಲ್ಲಿ ಸಾಕಿದ ಕೋಶಗಳಲ್ಲಿ. ಈ ಪಾಠ ನನ್ನ ತಲೆಗೆ ಹತ್ತಿದ್ದು ತರಗತಿಯಲ್ಲಿ ಅಲ್ಲ, ಲೆಕ್ಕ ಹಾಕಲು ಕುಳಿತಾಗ. ವಿಜಯಪುರದ ನಮ್ಮ ಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿದ್ದಾಗ ಸಿಂದಗಿಯ ಗೆಳತಿ ಕೇಳಿದಳು: "ಒಬ್ಬ ರೋಗಿಯ ಒಂದು ಡೋಸಿಗೆ ಎಷ್ಟು ಕೋಶ ಬೇಕು, ಹೇಳು ನೋಡೋಣ." ನಾನು ಬಾಯಿಗೆ ಬಂದ ಸಂಖ್ಯೆ ಹೇಳಿದೆ. ಅವಳು ನಕ್ಕು ಕಾಗದ ಮುಂದಿಟ್ಟಳು.

ಲೆಕ್ಕಕ್ಕೆ ಮೊದಲು ವೈರಸ್ಸಿನ ಪರಿಚಯ. ಅಡಿನೋ ಅಸೋಸಿಯೇಟೆಡ್ ವೈರಸ್, ಅಂದರೆ ಎಎವಿ, ಸುಮಾರು 25 ನ್ಯಾನೋಮೀಟರ್ ಅಗಲದ ಪುಟ್ಟ ಗೂಡು. 60 ಪ್ರೋಟೀನ್‌ಗಳು ಸೇರಿ ಕ್ಯಾಪ್ಸಿಡ್ ಎಂಬ ಹೊರಕವಚ, ಒಳಗೆ ಸುಮಾರು 4,700 ಅಕ್ಷರಗಳ ಒಂಟಿ ಎಳೆಯ ಡಿಎನ್‌ಎ. ಅದರಲ್ಲಿನ ರೆಪ್ (ಡಿಎನ್‌ಎ ನಕಲು ಮಾಡಿಸುವ) ಮತ್ತು ಕ್ಯಾಪ್ (ಕವಚ ಕಟ್ಟಿಸುವ) ಜೀನ್‌ಗಳನ್ನು ತೆಗೆದು ರೋಗಿಗೆ ಬೇಕಾದ ಜೀನ್ ಇಡುತ್ತಾರೆ. ಎರಡು ತುದಿಯ 145 ಅಕ್ಷರಗಳ ಐಟಿಆರ್ ಎಂಬ ತುಣುಕು ಮಾತ್ರ ಉಳಿಯುತ್ತದೆ. ಅದಿಲ್ಲದಿದ್ದರೆ ಡಿಎನ್‌ಎ ಕವಚದೊಳಗೆ ಹೋಗುವುದಿಲ್ಲ. ಈ ವೈರಸ್ ತಾನಾಗಿ ಬೆಳೆಯಲಾರದು, ಅಡಿನೋವೈರಸ್‌ನಂಥ ಮತ್ತೊಂದರ ನೆರವು ಬೇಕು. ಮುಂದಿನ ಕಷ್ಟಗಳೆಲ್ಲ ಶುರುವಾಗುವುದು ಇಲ್ಲಿಂದಲೇ.

ಈಗ ಲೆಕ್ಕ. 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಲಕ್ಸ್‌ಟರ್ನಾ ಕಣ್ಣಿನ ಔಷಧ. ಒಂದು ಕಣ್ಣಿಗೆ 15,000 ಕೋಟಿ ವೈರಸ್ ಕಣ. ಒಂದು ಕೋಶದಿಂದ ಒಳಗೆ ಡಿಎನ್‌ಎ ತುಂಬಿದ 10,000 ಕಣ ಸಿಗುತ್ತದೆ, ಒಂದು ಮಿಲಿಲೀಟರ್ ದ್ರವದಲ್ಲಿ 20 ಲಕ್ಷ ಕೋಶ ಇವೆ ಎಂದು ಹಿಡಿಯೋಣ. ಬೇಕಾದದ್ದು 1.5 ಕೋಟಿ ಕೋಶ, ಅಂದರೆ 7.5 ಮಿಲಿಲೀಟರ್. ಒಂದೂವರೆ ಚಮಚ! 2022ರಲ್ಲಿ ಬಂದ ಹಿಮೋಫಿಲಿಯಾ ಬಿ (ರಕ್ತ ಹೆಪ್ಪುಗಟ್ಟದ ಕಾಯಿಲೆ) ಔಷಧ ಹೆಮ್‌ಜೆನಿಕ್ಸ್‌ಗೆ ಬನ್ನಿ. ಪ್ರತಿ ಕಿಲೋ ದೇಹತೂಕಕ್ಕೆ 20 ಲಕ್ಷ ಕೋಟಿ ಕಣ. 70 ಕಿಲೋ ತೂಗುವವನಿಗೆ 14 ಕೋಟಿ ಕೋಟಿ. ಅದೇ ದರದಲ್ಲಿ 14,000 ಕೋಟಿ ಕೋಶ, 70 ಲೀಟರ್. ಶುದ್ಧೀಕರಣದಲ್ಲಿ ಅರ್ಧ ಕಳೆದುಹೋದರೆ 140 ಲೀಟರ್. ಹತ್ತು ಕೊಡ ನೀರಿನಷ್ಟು ಕೋಶಗಳನ್ನು ಸಾಕಬೇಕು, ಅದೂ ಒಬ್ಬನಿಗಾಗಿ. (ಈ ಔಷಧವನ್ನು ನಿಜವಾಗಿ ತಯಾರಿಸುವುದು ಕೀಟದ ಕೋಶಗಳಲ್ಲಿ, ಇಲ್ಲಿ ಅಳತೆಯ ಅಂದಾಜಷ್ಟೇ ಮುಖ್ಯ.) ಕಣ್ಣಿಗೆ ಸಾಕಾಗುವ ಕೋಶ ಇಡೀ ದೇಹಕ್ಕೆ ಏಕೆ ಸಾಲದು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಹೆಚ್ಚಾಗಿ ಬಳಸುವ ಕೋಶ ಎಚ್‌ಇಕೆ 293. 1973ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಫ್ರಾಂಕ್ ಗ್ರಹಾಂ ಮಾನವ ಭ್ರೂಣದ ಮೂತ್ರಪಿಂಡದ ಕೋಶಗಳಿಗೆ ಅಡಿನೋವೈರಸ್ ಡಿಎನ್‌ಎ ಸೇರಿಸಿ ಇದನ್ನು ಪಡೆದರು. 293 ಅವರ ಪ್ರಯೋಗದ ಸಂಖ್ಯೆ. ಹಿಂದಿನ 292ರ ಗತಿ ಏನಾಯಿತೆಂದು ಯಾರೂ ಕೇಳುವುದಿಲ್ಲ! ಅಡಿನೋವೈರಸ್‌ನ ಇ1ಎ, ಇ1ಬಿ ಜೀನ್‌ಗಳು ಈ ಕೋಶದೊಳಗೇ ಇವೆ. ಉಳಿದದ್ದನ್ನು ಮೂರು ಪ್ಲಾಸ್ಮಿಡ್‌ಗಳಲ್ಲಿ, ಅಂದರೆ ಡಿಎನ್‌ಎಯ ಪುಟ್ಟ ಉಂಗುರಗಳಲ್ಲಿ, ಕಳಿಸುತ್ತಾರೆ: ಒಂದರಲ್ಲಿ ಚಿಕಿತ್ಸೆಯ ಜೀನ್, ಇನ್ನೊಂದರಲ್ಲಿ ರೆಪ್ ಮತ್ತು ಕ್ಯಾಪ್, ಮೂರನೆಯದರಲ್ಲಿ ಅಡಿನೋವೈರಸ್‌ನ ಉಳಿದ ನೆರವಿನ ಜೀನ್‌ಗಳು. ಎಲ್ಲ ಕೋಶಗಳಿಗೂ ಮೂರೂ ಸಿಗುವುದಿಲ್ಲ. ಜೀನ್ ಸಿಗದೆ ಉಳಿದೆರಡು ಮಾತ್ರ ಸಿಕ್ಕ ಕೋಶ ಖಾಲಿ ಕವಚಗಳನ್ನು ಹೊಸೆಯುತ್ತ ಕೂರುತ್ತದೆ.

ಈ ಖಾಲಿ ಕವಚಕ್ಕೆ ನಮ್ಮ ಕಡೆ ಒಳ್ಳೆಯ ಹೆಸರಿದೆ: ಜೊಳ್ಳು. ಹಿಂಗಾರಿ ಬಿಳಿಜೋಳ ಎರೆಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆಯಬೇಕು. ತೆನೆ ಹೊರಬಂದ ಮೇಲೆ ತೇವ ತೀರಿದರೆ ತೆನೆ ಕಾಣಲು ಚೆನ್ನಾಗಿಯೇ ಇರುತ್ತದೆ, ಕಾಳು ಮಾತ್ರ ಹಾಲು ತುಂಬದೆ ಉಳಿಯುತ್ತದೆ. ಕ್ಯಾಪ್ಸಿಡ್‌ನದೂ ಇದೇ ಕಥೆ. ಕವಚ ಮೊದಲು ಕಟ್ಟಿಕೊಳ್ಳುತ್ತದೆ, ಆಮೇಲೆ ರೆಪ್ ಪ್ರೋಟೀನ್ ಡಿಎನ್‌ಎಯನ್ನು ಒಳಗೆ ತಳ್ಳುತ್ತದೆ. ಕವಚದ ವೇಗಕ್ಕೆ ಡಿಎನ್‌ಎ ಒದಗದಿದ್ದರೆ ಜೊಳ್ಳು. ಎಷ್ಟೋ ಸಲ ತುಂಬಿದವುಗಳಿಗಿಂತ ಜೊಳ್ಳೇ ಹೆಚ್ಚು. ಅವ್ವ ಮೊರದಲ್ಲಿ ಕೇರುವಾಗ ಜೊಳ್ಳು ಮುಂದೆ ಹಾರಿ, ಗಟ್ಟಿ ಕಾಳು ಅವಳ ಕಡೆಗೆ ಸರಿಯುತ್ತದಲ್ಲ, ಪ್ರಯೋಗಾಲಯದ ಮೊರ ಎಂದರೆ ಅತಿವೇಗದ ಸೆಂಟ್ರಿಫ್ಯೂಜ್: ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ತುಂಬಿದ ಕಣ ಸುಮಾರು 1.4 ಸಾಂದ್ರತೆಯಲ್ಲಿ, ಖಾಲಿಯದು ಅದಕ್ಕಿಂತ ಮೇಲೆ ಸುಮಾರು 1.3ರಲ್ಲಿ ನಿಲ್ಲುತ್ತದೆ. ಆದರೆ ಕೇರುವ ಕೆಲಸ ದುಬಾರಿ. ಹಾಗಾಗಿ ಇಳುವರಿ ಹೆಚ್ಚಾಯಿತು ಎಂದು ಯಾರಾದರೂ ಬರೆದರೆ ಯಾವ ಇಳುವರಿ ಎಂದು ಕೇಳಿ; ಕವಚದ ಎಣಿಕೆಯೋ, ತುಂಬಿದ ಕಣದ ಎಣಿಕೆಯೋ?

ಪ್ಲಾಸ್ಮಿಡ್ ಗೊಡವೆಯೇ ಬೇಡ, ಎಲ್ಲ ಜೀನ್‌ಗಳನ್ನೂ ಕೋಶದ ವರ್ಣತಂತುವಿನಲ್ಲೇ ಕೂರಿಸಿಬಿಡೋಣ ಎಂದರೆ? ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ರೆಪ್ ಪ್ರೋಟೀನ್ ಕೋಶಕ್ಕೆ ವಿಷ, ವಿಭಜನೆಯನ್ನೇ ತಡೆಯುತ್ತದೆ. ಎಚ್‌ಇಕೆ 293ರಲ್ಲಿರುವ ಇ1ಎ ಆ ರೆಪ್ ಜೀನನ್ನು ಎಬ್ಬಿಸುತ್ತದೆ. ಬೆಳೆಯಲು ಬಿಟ್ಟ ಕೋಶ ಬೆಳೆಯುವ ಮೊದಲೇ ಸೊರಗುತ್ತದೆ. ಆದ್ದರಿಂದ ಎಂಜಿನಿಯರಿಂಗ್‌ನ ಹೆಚ್ಚಿನ ಪಾಲು ಸಮಯ ಪಾಲನೆಯೇ. ಟೆಟ್ರಾಸೈಕ್ಲಿನ್ ಗುಂಪಿನ ಡಾಕ್ಸಿಸೈಕ್ಲಿನ್ ಹಾಕಿದಾಗ ಮಾತ್ರ ತೆರೆಯುವ ಸ್ವಿಚ್ಚನ್ನು ಜೀನ್‌ಗಳ ಮುಂದೆ ಇಡುತ್ತಾರೆ. ಕೋಶಗಳು ತೊಟ್ಟಿ ತುಂಬುವವರೆಗೆ ಬಾಗಿಲು ಮುಚ್ಚಿರುತ್ತದೆ. ಇನ್ನೊಂದು ದಾರಿ ಅಡಿನೋವೈರಸ್‌ನ ಇ1 ಜೀನ್‌ಗಳಿಲ್ಲದ ಹೀಲಾ ಎಂಬ ಮಾನವ ಕ್ಯಾನ್ಸರ್ ಕೋಶ. ಅದರಲ್ಲಿ ರೆಪ್ ನಿದ್ರಿಸುತ್ತದೆ, ಬೇಕಾದಾಗ ಅಡಿನೋವೈರಸ್ ಸುರಿದು ಎಬ್ಬಿಸಬಹುದು. ಕೊನೆಗೆ ಆ ಅಡಿನೋವೈರಸ್ಸನ್ನು ಔಷಧದಿಂದ ಪೂರ್ತಿ ತೆಗೆಯುವ ತಲೆನೋವು ಉಳಿಯುತ್ತದೆ.

ಕೋಶದ ಸ್ವಂತ ಜೀನ್‌ಗಳಿಗೂ ಕೈ ಹಾಕುತ್ತಾರೆ. ವೈರಸ್ ಸುಳಿವು ಸಿಕ್ಕರೆ ಪಿಕೆಆರ್ ಎಂಬ ಪ್ರೋಟೀನ್ ಕೋಶದ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಅಡಿನೋವೈರಸ್ ತನ್ನ ವಿಎ ಆರ್‌ಎನ್‌ಎಯಿಂದ ಅದರ ಬಾಯಿ ಮುಚ್ಚಿಸುತ್ತದೆ. ಮೂರನೆಯ ಪ್ಲಾಸ್ಮಿಡ್‌ನಲ್ಲಿ ಅದನ್ನು ಇಡುವುದೂ ಇದಕ್ಕೇ. ಇಂಥ ಅಡ್ಡಿಗಳು ಇನ್ನೆಷ್ಟಿವೆ ಎಂದು ಹುಡುಕಲು ಕ್ರಿಸ್ಪರ್ ಎಂಬ ಜೀನ್ ಕತ್ತರಿಯಿಂದ ಒಂದೊಂದು ಕೋಶದಲ್ಲಿ ಒಂದೊಂದು ಜೀನ್ ಕೆಡಿಸಿ, ಯಾವುದು ಹೆಚ್ಚು ವೈರಸ್ ಕೊಟ್ಟಿತು ಎಂದು ನೋಡುತ್ತಾರೆ.

ಜೀನ್ ಸಾಗಿಸಲು ಬಳಸುವ ಇನ್ನೊಂದು ವೈರಸ್ಸಾದ ಲೆಂಟಿವೈರಸ್‌ನಲ್ಲೂ ಇದೇ ಪಾಡು, ಅಲ್ಲಿ ವಿಷವಾಗುವುದು ವಿಎಸ್‌ವಿ-ಜಿ ಎಂಬ ಹೊದಿಕೆಯ ಪ್ರೋಟೀನ್. ಅದನ್ನು ಬೇರೆ ಟಿಪ್ಪಣಿಗೆ ಬಿಡುತ್ತೇನೆ.

ಅಭ್ಯಾಸಕ್ಕೆ ಒಂದು ಲೆಕ್ಕ. ಬೆನ್ನುಹುರಿಯ ಸ್ನಾಯುಕ್ಷಯಕ್ಕೆ ಕೊಡುವ ಝೋಲ್ಗೆನ್‌ಸ್ಮಾದ ಡೋಸ್ ಕಿಲೋಗೆ 1.1 ಕೋಟಿ ಕೋಟಿ ಕಣ. ಮಗುವಿನ ತೂಕ 5 ಕಿಲೋ. ಮೇಲಿನ ದರದಲ್ಲಿ, ಶುದ್ಧೀಕರಣದ ನಷ್ಟ ಬಿಟ್ಟು, ಎಷ್ಟು ಲೀಟರ್? ನನಗೆ 27.5 ಬಂದಿದೆ. ನಿಮಗೆ ಬೇರೆ ಬಂದರೆ ಮೊದಲು ಸೊನ್ನೆಗಳನ್ನು ಎಣಿಸಿ. ಆ ರಾತ್ರಿ ನಾನು ತಪ್ಪಿದ್ದೂ ಅಲ್ಲಿಯೇ.