ಟೋಪಿ ಇದ್ದರೆ ಮಾರಿಯಾನು, ಇಲ್ಲದಿದ್ದರೆ ಮಾರಿದ

ಕೆಲವು ತಿಂಗಳ ಹಿಂದೆ ಒಬ್ಬ ವಕೀಲರು ಹಳೇ ಪತ್ರವೊಂದರ ಜೆರಾಕ್ಸ್ ತಂದರು. ಪುದುಚೇರಿಯಲ್ಲಿ ಫ್ರೆಂಚರ ಆಡಳಿತ ಇದ್ದಾಗ ಬರೆದದ್ದು. ಆ ಊರಿನ ಆಡಳಿತ ಭಾರತದ ಕೈಗೆ ಬಂದದ್ದು 1954ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನ ಮನೆ, ಜಮೀನು, ಮದುವೆಯ ಎಷ್ಟೋ ಕಾಗದಗಳು ಫ್ರೆಂಚಿನಲ್ಲಿವೆ. ಆಸ್ತಿಯ ಮಾತು ಬಂದಾಗ ಮೊಮ್ಮಕ್ಕಳು ಅವನ್ನು ಪೆಟ್ಟಿಗೆಯಿಂದ ತೆಗೆದು ನಮ್ಮಂಥ ಅನುವಾದಕರನ್ನು ಹುಡುಕಿಕೊಂಡು ಬರುತ್ತಾರೆ.

ನನ್ನ ಹತ್ತಿರವೇ ಕಲಿತು ಈಗ ನನ್ನ ಜೊತೆ ಕೆಲಸ ಮಾಡುವ ಹುಡುಗಿ ಮೊದಲ ಕರಡು ಮಾಡಿದಳು. ಅದರಲ್ಲಿ ಒಂದು ಸಾಲು ಹೀಗಿತ್ತು: ‘ನನ್ನ ತಮ್ಮ ಮನೆ ಮಾರಲಿಲ್ಲ ಎಂದು ನನಗೆ ಭಯವಾಯಿತು.’ ಮಾರದಿದ್ದರೆ ಭಯ ಯಾಕಪ್ಪಾ? ಮೂಲ ತೆಗೆದು ನೋಡಿದೆ. ‘ಜ ಕ್ರೆನ್ಯೆ ಕ ಮೋಂ ಫ್ರೇರ್ ನ ವಾಂದಿ ಲಾ ಮೇಜೋಂ.’ (ಫ್ರೇರ್ ಅಂದರೆ ಅಣ್ಣನೋ ತಮ್ಮನೋ, ಫ್ರೆಂಚ್ ಹೇಳುವುದಿಲ್ಲ. ತಮ್ಮ ಅಂತ ವಕೀಲರೇ ಹೇಳಿದ್ದರು.) ಸರಿಯಾದ ಅರ್ಥ ಇದು: ‘ತಮ್ಮ ಎಲ್ಲಿ ಮನೆ ಮಾರಿಯಾನೋ ಅಂತ ಹೆದರಿದ್ದೆ.’

ಅವಳು ಎಡವಿದ್ದು ಎರಡು ಕಡೆ. ಹೆದರಿಕೆಯ ಕ್ರಿಯಾಪದದ ಜೊತೆ ಬರುವ ಆ ಪುಟ್ಟ ‘ನ’ಕ್ಕೆ ಇಲ್ಲ ಅನ್ನುವ ಅರ್ಥ ಇರುವುದಿಲ್ಲ, ಸುಮ್ನೆ ಕೂತಿರುತ್ತದೆ. ಅದು ಚಿಕ್ಕ ವಿಷಯ. ದೊಡ್ಡದು ‘ವಾಂದಿ’. ಇದನ್ನು ಎರಡು ರೀತಿ ಬರೆಯುತ್ತಾರೆ. ಐ ಅಕ್ಷರದ ಮೇಲೆ ಟೋಪಿ (^ ಗುರುತು) ಇಲ್ಲದಿದ್ದರೆ ‘ಮಾರಿದ’. ಟೋಪಿ ಇದ್ದರೆ ‘ಮಾರಿಯಾನು’. ಕಿವಿಗೆ ಎರಡೂ ಒಂದೇ. ಜೆರಾಕ್ಸಿನಲ್ಲಿ ಟೋಪಿ ಅಳಿಸಿಹೋಗಿತ್ತು.

ಟೋಪಿ ಹಾಕಿಕೊಂಡ ಆ ರೂಪದ ಹೆಸರು ಸ್ಯುಬ್ಜೋಂಕ್ತಿಫ್ ಆ್ಯಂಪಾರ್ಫೆ. ಕ್ಲಾಸಿನಲ್ಲಿ ಮಕ್ಕಳು ಇಂಗ್ಲಿಷ್ ರೂಢಿಯಂತೆ ಇಂಪರ್ಫೆಕ್ಟ್ ಸಬ್ಜಂಕ್ಟಿವ್ ಅನ್ನುತ್ತಾರೆ. ಹೆಸರು ಕೇಳಿದ ಕೂಡಲೇ ಮುಖ ಸಪ್ಪಗಾಗುತ್ತದೆ. ಅಷ್ಟು ಹೆದರಬೇಕಾಗಿಲ್ಲ.

ಮೊದಲು ಸಬ್ಜಂಕ್ಟಿವ್ ಏನು ಅಂತ ನೋಡೋಣ. ‘ಅವನು ಬರಲಿ ಅಂತ ಆಸೆ ಪಡುತ್ತೇನೆ.’ ಇಲ್ಲಿ ಬರುವುದು ಇನ್ನೂ ನಡೆದಿಲ್ಲ, ನನ್ನ ಮನಸ್ಸಿನಲ್ಲಿದೆ. ಅದಕ್ಕೇ ನಾವು ‘ಬರುತ್ತಾನೆ’ ಬಿಟ್ಟು ‘ಬರಲಿ’ ಹಿಡಿಯುತ್ತೇವೆ. ಫ್ರೆಂಚ್ ಕೂಡ ಹಾಗೇ ಮಾಡುತ್ತದೆ: ‘ಜ ವೋ ಕಿಲ್ ವಿಯೆನ್.’ ಈಗ ಇದನ್ನೇ ನಿನ್ನೆಗೆ ತಳ್ಳಿ: ‘ಅವನು ಬರಲಿ ಅಂತ ಆಸೆ ಪಟ್ಟೆ.’ ಬದಲಾದದ್ದು ಆಸೆ ಮಾತ್ರ. ‘ಬರಲಿ’ ಇದ್ದಲ್ಲೇ ಇದೆ. ಹಳೆಯ ಫ್ರೆಂಚ್ ವ್ಯಾಕರಣ ಇದಕ್ಕೆ ಒಪ್ಪುತ್ತಿರಲಿಲ್ಲ. ಮುಖ್ಯ ಕ್ರಿಯೆ ಹಿಂದಕ್ಕೆ ಹೋದರೆ ‘ಬರಲಿ’ಯೂ ಅದರ ಹಿಂದೆ ನಡೆಯಬೇಕು. ‘ಜ ವೂಲೆ ಕಿಲ್ ವ್ಯಾಂ.’ ಆ ‘ವ್ಯಾಂ’ ನಮ್ಮ ಟೋಪಿಯವನು.

ಇವತ್ತು ಪ್ಯಾರಿಸ್ಸಿನಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ‘ಜ ವೂಲೆ ಕಿಲ್ ವಿಯೆನ್’ ಅಂದು ಮುಗಿಸುತ್ತಾರೆ. ಅಂದರೆ ಫ್ರೆಂಚಿನವರು ಕನ್ನಡದ ದಾರಿಗೇ ಬಂದರು ಅಲ್ವಾ! ಕನ್ನಡದ ಮಕ್ಕಳಿಗೆ ಆಡುವ ಫ್ರೆಂಚಿನಲ್ಲಿ ಈ ಭಾಗ ಸಲೀಸು. ಓದುವಾಗ ಮಾತ್ರ ಕಾಲು ಸಿಕ್ಕಿಕೊಳ್ಳುತ್ತದೆ.

ಈ ರೂಪ ಕಟ್ಟುವುದು ನಿಜಕ್ಕೂ ಸುಲಭ. ಕಥೆ, ಇತಿಹಾಸಗಳಲ್ಲಿ ಬರುವ ಪಾಸೆ ಸ್ಯಾಂಪ್ಲ್ ಅನ್ನುವ ಭೂತಕಾಲ ಒಂದಿದೆ. ಅದರಲ್ಲಿ ‘ತ್ಯು’, ಅಂದರೆ ‘ನೀನು’ ರೂಪ ತೆಗೆದುಕೊಳ್ಳಿ. ಅದರ ಕೊನೆಯಲ್ಲಿ ಯಾವಾಗಲೂ ಒಂದು ಎಸ್ ಇರುತ್ತದೆ, ಆದರೆ ಬಾಯಿಗೆ ಬರುವುದಿಲ್ಲ. ಅದಕ್ಕೆ ಇನ್ನೊಂದು ಎಸ್ ಮತ್ತು ಇ ಸೇರಿಸಿದರೆ ಮೂಕ ಎಸ್‌ಗೆ ಮಾತು ಬರುತ್ತದೆ. ಮಾತಾಡು ಅನ್ನುವ ‘ಪಾರ್ಲೆ’ ನೋಡಿ. ‘ತ್ಯು ಪಾರ್ಲಾ’ದಿಂದ ‘ಕ ಜ ಪಾರ್ಲಾಸ್’ (ನಾನು; ಮುಂದಿರುವ ‘ಕ’ ನಮ್ಮ ‘ಅಂತ’ ಇದ್ದ ಹಾಗೆ), ‘ಕ ತ್ಯು ಪಾರ್ಲಾಸ್’ (ನೀನು), ‘ಕ ನೂ ಪಾರ್ಲಾಸ್ಯೋಂ’ (ನಾವು), ‘ಕ ವೂ ಪಾರ್ಲಾಸ್ಯೆ’ (ನೀವು), ‘ಕಿಲ್ ಪಾರ್ಲಾಸ್’ (ಅವರು). ‘ಅವನು’, ‘ಅವಳು’ ಬಂದಾಗ ಮಾತ್ರ ಎಸ್ ಇಲ್ಲ. ಸ್ವರದ ಮೇಲೆ ಟೋಪಿ, ಕೊನೆಗೆ ಮೂಕ ಟಿ: ‘ಕಿಲ್ ಪಾರ್ಲಾ’.

ಸ್ವರ ನಾಲ್ಕೇ ಬಗೆ. ‘ಪಾರ್ಲೆ’ಯ ಕುಟುಂಬಕ್ಕೆಲ್ಲ ‘ಆ’. ಮುಗಿಸು, ಮಾರು, ಮಾಡು, ನೋಡು, ತೆಗೆದುಕೋ ಇವಕ್ಕೆ ‘ಇ’. ಇರು, ಬೇಕು, ಬಲ್ಲೆ, ಆಗುತ್ತದೆ ಅನ್ನುವ ಗುಂಪಿಗೆ ತುಟಿ ಚೂಪು ಮಾಡಿ ಹೇಳುವ ‘ಯು’. ಬರು, ಹಿಡಿ ಮತ್ತು ಅವುಗಳ ನೆಂಟರಿಗೆ ಮೂಗಿನ ‘ಆ್ಯಂ’. ಫ್ರೆಂಚಿನಲ್ಲಿ ಎಲ್ಲ ಕಾಲಕ್ಕೂ ಒಂದಷ್ಟು ತಲೆಹರಟೆ ಕ್ರಿಯಾಪದಗಳಿವೆ. ಇಲ್ಲಿ ಮಾತ್ರ ‘ಇರು’ ಅನ್ನುವ ‘ಎತ್ರ್’ ಕೂಡ ಸಾಲಿನಲ್ಲಿ ನಿಲ್ಲುತ್ತದೆ: ‘ಫ್ಯೂಸ್, ಫ್ಯೂಸ್, ಫ್ಯೂ, ಫ್ಯೂಸ್ಯೋಂ, ಫ್ಯೂಸ್ಯೆ, ಫ್ಯೂಸ್.’ ಮುಗಿಸು ಅನ್ನುವ ‘ಫಿನೀರ್’ ಇನ್ನೂ ತಮಾಷೆ. ಅದರ ವರ್ತಮಾನದ ಸಬ್ಜಂಕ್ಟಿವ್ ಮತ್ತು ಈ ರೂಪ ಎರಡೂ ಒಂದೇ. ಬೇರೆ ಆಗುವುದು ‘ಅವನು’ ಬಂದಾಗ ಮಾತ್ರ: ಅಲ್ಲಿ ‘ಫಿನಿಸ್’, ಇಲ್ಲಿ ಟೋಪಿಯ ‘ಫಿನಿ’.

ಟೋಪಿ ಎಲ್ಲಿಂದ ಬಂತು? ಹೋದ ಎಸ್‌ನ ಗುರುತು ಅದು. ಇಂಗ್ಲಿಷಿನ ಫಾರೆಸ್ಟ್, ಹಾಸ್ಪಿಟಲ್ ಪದಗಳಲ್ಲಿ ಎಸ್ ಇದೆ. ಫ್ರೆಂಚಿನ ‘ಫೋರೆ’, ‘ಒಪಿತಾಲ್’ನಲ್ಲಿ ಅದು ಬಿದ್ದುಹೋಗಿ ಸ್ವರದ ತಲೆಗೆ ಟೋಪಿ ಬಂತು. ಹಾಗೇ ಹಳೆಯ ‘ಫ್ಯುಸ್ತ್’ ಈಗ ‘ಫ್ಯೂ’. ಅಂದರೆ ಆರೂ ರೂಪದಲ್ಲಿ ಎಸ್ ಇತ್ತು. ಐದರಲ್ಲಿ ಬದುಕಿದೆ, ಒಂದರಲ್ಲಿ ಸಮಾಧಿ ಕಲ್ಲಾಗಿ ನಿಂತಿದೆ. ದ್ವೇಷಿಸು ಅನ್ನುವ ‘ಹಾಯೀರ್’ಗೆ ಟೋಪಿ ಇಲ್ಲ. ಅದರ ಐ ಮೇಲೆ ಮೊದಲೇ ಎರಡು ಚುಕ್ಕೆ ಕೂತಿವೆ, ಟೋಪಿಗೆ ಜಾಗ ಎಲ್ಲಿ?

1990ರ ಕಾಗುಣಿತ ಸುಧಾರಣೆಯಲ್ಲಿ ಐ ಮತ್ತು ಯು ಮೇಲಿನ ಟೋಪಿಗಳನ್ನು ಬಹಳ ಕಡೆ ಬಿಡಬಹುದು ಅಂದರು. ಆದರೆ ಈ ರೂಪದ ಟೋಪಿಯನ್ನು ಮುಟ್ಟಲಿಲ್ಲ. ನಮ್ಮ ಪತ್ರದ ಗೋಳು ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ.

ಇಷ್ಟು ಶಿಸ್ತಿನ ರೂಪ ಬಾಯಿಂದ ಯಾಕೆ ಹೋಯಿತು? ಅದು ನಿಂತಿದ್ದ ಪಾಸೆ ಸ್ಯಾಂಪ್ಲೇ ಮಾತಿನಿಂದ ಹೋಯಿತು. ಬುಡ ಹೋದ ಮೇಲೆ ಕೊಂಬೆ ಎಷ್ಟು ದಿನ? ಜೊತೆಗೆ ಸದ್ದಿನ ತೊಂದರೆ. ಫ್ರೆಂಚಿನಲ್ಲಿ ‘ಆಸ್’ ಅನ್ನುವ ಬಾಲಕ್ಕೆ ಸ್ವಲ್ಪ ತಾತ್ಸಾರದ ವಾಸನೆ ಇದೆ. ಬೇಡದ ಕಾಗದದ ರಾಶಿಗೆ ‘ಪಾಪ್ರಾಸ್’ ಅನ್ನುತ್ತಾರೆ. ‘ನನಗೆ ಆಗಲಿ’ ಅನ್ನಲು ‘ಪ್ಯೂಸ್’ ಅಂದರೆ ಚಿಗಟ ಅಂತ ಕೇಳುತ್ತದೆ. ‘ನೀವು ಕೊಲೆ ಮಾಡಲಿ’ ಅನ್ನಲು ‘ಅಸಾಸಿನಾಸ್ಯೆ’ ಅನ್ನಬೇಕು. ಫ್ರೆಂಚ್ ಹಾಸ್ಯಗಾರರು ಇದನ್ನು ಬಿಡುತ್ತಾರಾ?

ನಾನೂ ಒಮ್ಮೆ ನಗೆಪಾಟಲಾದೆ. ಮೊದಲ ಸಲ ಫ್ರಾನ್ಸಿಗೆ ಹೋದಾಗ, ಬಾಡಿಗೆ ಮನೆಯ ಅಜ್ಜಿಗೆ ‘ನಾನು ನಿಮಗೆ ಫೋನ್ ಮಾಡಬೇಕಿತ್ತು’ ಅನ್ನಲು ಪುಸ್ತಕದ ಪ್ರಕಾರ ‘ತೆಲೆಫೋನಾಸ್’ ಅಂದೆ. ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಿತು. ಆಮೇಲೆ ವಾರವೆಲ್ಲ ನನ್ನನ್ನು ಕಂಡಾಗಲೆಲ್ಲ ಸೊಂಟ ಬಗ್ಗಿಸಿ ರಾಜನ ಆಸ್ಥಾನದಲ್ಲಿ ಮಾಡಿದಂತೆ ನಮಸ್ಕಾರ!

ಈ ರೂಪ ಬಾಯಿಂದ ಹೋದದ್ದನ್ನು ಫ್ರೆಂಚ್ ಸರ್ಕಾರ ಎಂದೋ ಒಪ್ಪಿಕೊಂಡಿದೆ. 1901ರ ಫೆಬ್ರುವರಿಯ ಶಿಕ್ಷಣ ಇಲಾಖೆಯ ಆದೇಶ, ‘ಹೀಗಾದರೆ ಚೆನ್ನಾಗಿತ್ತು’ ಅನ್ನುವಂಥ ವಾಕ್ಯಗಳ ನಂತರ ವರ್ತಮಾನದ ರೂಪ ಬರೆದರೂ ತಪ್ಪಲ್ಲ ಅಂದಿತು. 1976ರ ಡಿಸೆಂಬರಿನ ಇನ್ನೊಂದು ಆದೇಶ ಭೂತಕಾಲದ ನಂತರವೂ ಸರಿ ಅಂದಿತು.

ಆದರೂ ‘ಅವನು’ ರೂಪ ಸಾಯಲಿಲ್ಲ. ಅದಕ್ಕೆ ‘ಆಸ್’ ಬಾಲ ಇಲ್ಲವಲ್ಲ. ಕಾದಂಬರಿ, ಇತಿಹಾಸ, ಗಂಭೀರ ಲೇಖನಗಳಲ್ಲಿ ‘ಫ್ಯೂ’, ‘ಯೂ’, ‘ವ್ಯಾಂ’, ‘ಪ್ಯೂ’ ಇವತ್ತಿಗೂ ಸಿಗುತ್ತವೆ. ‘ಕೊನೇ ಪಕ್ಷ ಇಷ್ಟಾದರೂ’ ಅನ್ನಲು ‘ನ ಫ್ಯೂಸ್ ಕ’ ಅನ್ನುವ ನುಡಿಗಟ್ಟು ಇದೆ, ಅದರಲ್ಲಿ ಕೂತಿರುವುದೂ ಇದೇ ಟೋಪಿಯ ಫ್ಯೂ. ‘ಹೊಂದು’ ಕ್ರಿಯೆಯ ‘ಯೂ’ ಇನ್ನೂ ಒಂದು ಕೆಲಸ ಮಾಡುತ್ತದೆ. ‘ಇಲ್ ಯೂ ಎತೆ’ ಅಂದರೆ ‘ಆಗಿರುತ್ತಿತ್ತು’, ಆದರೆ ಆಗಲಿಲ್ಲ. ಇದನ್ನು ‘ಆಗಿತ್ತು’ ಅಂತ ಓದಿದವರು ಇಡೀ ಪುಟವನ್ನು ತಲೆಕೆಳಗು ಮಾಡುತ್ತಾರೆ.

ಕನ್ನಡದಲ್ಲೂ ಇಂಥದ್ದೇ ಒಂದಿದೆ, ವ್ಯಾಕರಣ ಪುಸ್ತಕದ ಸಂಭಾವನಾರ್ಥಕ ರೂಪ, ಅಂದರೆ ‘ಆಗಬಹುದು’ ಅನ್ನುವ ಅರ್ಥದ್ದು. ‘ನಾವು ಮಾಡಿಯೇವು’, ‘ಅವರು ಬಂದಾರು’ ಪೇಟೆಯ ಮಾತಿನಲ್ಲಿ ಅಪರೂಪ. ‘ಮಳೆ ಬಂದೀತು’, ‘ಆದೀತು ಬಿಡಿ’ ಮಾತ್ರ ಗಟ್ಟಿಯಾಗಿ ಉಳಿದಿವೆ. ಇಲ್ಲೂ ಬದುಕಿದ್ದು ಹೆಚ್ಚಾಗಿ ಪ್ರಥಮ ಪುರುಷದ ಏಕವಚನವೇ. ಅದಕ್ಕೇ ನನ್ನ ಕ್ಲಾಸಿನಲ್ಲಿ ಈ ರೂಪದ ಆರು ಸಾಲಿನ ಪಟ್ಟಿ ಬಾಯಿಪಾಠ ಮಾಡಿಸುವುದಿಲ್ಲ. ಟೋಪಿಯವರ ಎಂಟು ಹತ್ತು ಮುಖ ಗುರುತು ಸಿಕ್ಕರೆ ಸಾಕು. ಅನುವಾದಕ್ಕೆ ಕೂತಾಗ ‘ಆದೀತು’, ‘ಮಾರಿಯಾನು’ ಕೈಗೆಟುಕುವಂತೆ ಇರಲಿ ಅನ್ನುತ್ತೇನೆ. ನಮ್ಮ ಬಹಳ ಅನುವಾದಗಳು ಅಲ್ಲಿ ಒಣಗಿಹೋಗುತ್ತವೆ ಅನ್ನುವುದು ನನ್ನ ದೂರು.

ಪತ್ರಕ್ಕೆ ಬರೋಣ. ಟೋಪಿ ಕಾಣದಿದ್ದರೂ ಅವಳು ಸರಿಯಾಗಿ ಓದಬಹುದಿತ್ತು. ‘ಹೆದರಿದ್ದೆ’ ಆದ ಮೇಲೆ ‘ಕ’ ಬಂದರೆ ಮುಂದಿನದು ಸಬ್ಜಂಕ್ಟಿವೇ, ಬೇರೆ ದಾರಿ ಇಲ್ಲ. ಇಷ್ಟು ಹೇಳಿದಾಗ ಅವಳೇ ಸಾಲು ತಿದ್ದಿದಳು.

ವಕೀಲರು ಬಂದು ಓದಿದರು. ‘ಹಾಗಾದ್ರೆ ಮನೆ ಮಾರಿದ್ದಾರೋ ಇಲ್ವೋ ಮೇಡಂ?’ ಅಂದರು.

‘ಈ ಸಾಲಲ್ಲಿ ಭಯ ಮಾತ್ರ ಇದೆ ಸರ್. ಮಾರಿದ್ದರೆ ಮುಂದಿನ ಪುಟದಲ್ಲಿ ಇರಬೇಕು.’

ಮುಂದಿನ ಪುಟದ ಜೆರಾಕ್ಸ್ ಅವರು ತಂದಿರಲಿಲ್ಲ.